ಚೀಟಿಯಕ್ಕ ಮಾಡಿದ ನಟ್ಟು

ಚೀಟಿಯಕ್ಕ ಎಂಬ ಹೆಸರು ಅವಳಿಗೆ ಅಂಟಿಕೊಂಡದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಪಂಪು ತಯಾರಿಸುವ ಕಾರ್ಖಾನೆಗೆ ಸೇರಿ ಮೂರು ತಿಂಗಳು ಕಳೆಯುವಷ್ಟರಲ್ಲಿ. ಲೋಹವನ್ನು ತಿರುಗಿಸಿ ಕೊರೆಯುವ ಲೇತುಗಳ ಮೇಲೆ ತಯಾರಾದ ಪ್ರತಿಯೊಂದು ಬಿಡಿಭಾಗವೂ ಮುಂದಿನ ಶೆಡ್ಡಿಗೆ ಹೋಗುವ ಮೊದಲು ಅಳತೆ ಕೋಣೆಗೆ ಬರಬೇಕಿತ್ತು. ಅಲ್ಲಿ ಕಿಟಕಿಯ ಪಕ್ಕದ ಮೇಜಿಗೆ ಕೂತು ಅವಳು ಒಂದೊಂದನ್ನೂ ಗೇಜಿಗೆ ಹಾಕಿ, ಬೆಳಕಿಗೆ ಹಿಡಿದು, ಸರಿಯಿದ್ದರೆ ಒಂದು ತಟ್ಟೆಗೆ, ಸರಿಯಿಲ್ಲದಿದ್ದರೆ ಇನ್ನೊಂದಕ್ಕೆ ಹಾಕುತ್ತಿದ್ದಳು. ಎರಡನೆಯ ತಟ್ಟೆಗೆ ಬಿದ್ದದ್ದಕ್ಕೆ ತಂತಿಯಲ್ಲಿ ಕೆಂಪು ಚೀಟಿ ಕಟ್ಟಬೇಕು; ತಪ್ಪೇನು, ಎಷ್ಟು, ಮಾಡಿದವರು ಯಾರು ಎಂದು ಅದರಲ್ಲಿ ಬರೆಯಬೇಕು. ಅವಳಿಗಿಂತ ಮೊದಲು ಆ ಮೇಜಿನಲ್ಲಿದ್ದವರು ದಿನಕ್ಕೆ ಎರಡೋ ಮೂರೋ ಚೀಟಿ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಇವಳು ಬಂದ ಮೇಲೆ ವಾರಕ್ಕೊಂದು ಕಟ್ಟು ಚೀಟಿ ಖರ್ಚಾಗತೊಡಗಿತು. ಅಪ್ಪನ ವಯಸ್ಸಿನ ಕೆಲಸಗಾರರೂ ಅವಳನ್ನು ಅಕ್ಕ ಎಂದೇ ಕರೆದರು. ಅದು ಗೌರವಕ್ಕೋ ಕೀಟಲೆಗೋ ಎಂದು ಅವಳು ವಿಚಾರಿಸಲು ಹೋಗಲಿಲ್ಲ.

ಅವಳ ಕಣ್ಣು ಹಾಗಿತ್ತು. ಬೋಲ್ಟಿನ ಮೈಮೇಲೆ ಸುತ್ತಿಕೊಂಡು ಹೋಗುವ ಎಳೆಗಳಿವೆಯಲ್ಲ, ಥ್ರೆಡ್ಡು, ಅದಕ್ಕೆ ಬಾಚಣಿಗೆಯಂಥ ಗೇಜನ್ನು ಒತ್ತಿ ಕಿಟಕಿಗೆ ಹಿಡಿದರೆ, ಹಲ್ಲಿಗೂ ಎಳೆಗೂ ನಡುವೆ ಬೆಳಕು ನುಸುಳಬಾರದು. ಬೇರೆಯವರಿಗೆ ಏನೂ ಕಾಣದ ಕಡೆ ಅವಳಿಗೆ ನೀಲಿ ಗೆರೆಯೊಂದು ಕಾಣುತ್ತಿತ್ತು. ಕಂಡ ಮೇಲೆ ಮುಲಾಜಿಲ್ಲ.

ಏಳನೆಯ ಲೇತಿನ ಟರ್ನರ್ ಇಡೀ ಸಾಲಿನಲ್ಲೇ ಎತ್ತಿದ ಕೈ. ಅವನ ಹೆಸರಿಗೆ ಚೀಟಿ ಬಂದದ್ದೇ ಅಪರೂಪ. ಹಾಗಿರುವಾಗ ಒಂದು ಸೋಮವಾರ ಒಟ್ಟಿಗೆ ಮೂರು ಬಂದವು. ಅವನು ಎಣ್ಣೆ ಮೆತ್ತಿದ ಕೈಯಲ್ಲೇ ಅಳತೆ ಕೋಣೆಗೆ ನುಗ್ಗಿ, ಗೇಜೇ ಸವೆದಿರಬೇಕು ಎಂದ. ಅವಳು ಬೀರುವಿನಿಂದ ಮೂಲ ಗೇಜನ್ನು ತೆಗೆದು, ಅವನ ಕಣ್ಣೆದುರಿಗೇ ತನ್ನದನ್ನು ಪರೀಕ್ಷಿಸಿ ತೋರಿಸಿದಳು. ಗೇಜು ಸರಿಯಾಗಿತ್ತು. ಅವನು ತಲೆ ಕೆರೆದುಕೊಂಡು ನಕ್ಕು ಹೊರಟುಹೋದ. ಮಾರನೆಯ ದಿನ ತನಗೇ ಅನುಮಾನವಿದ್ದ ಒಂದು ಭಾಗವನ್ನು ಅವಳು ಕೇಳುವ ಮೊದಲೇ ತಂದು ಮೇಜಿನ ಮೇಲಿಟ್ಟ. ಆಮೇಲೆ ಅನುಮಾನವಿಲ್ಲದವನ್ನೂ ತರತೊಡಗಿದ. ಒಂದು ವರ್ಷಕ್ಕೆ ಅವರ ಮದುವೆಯಾಯಿತು. ಅಕ್ಕ ಕೊನೆಗೂ ಒಂದು ಪೀಸು ಪಾಸು ಮಾಡಿದಳು ಎಂದು ಕಾರ್ಖಾನೆಯಲ್ಲಿ ಮೂರು ದಿನ ನಗೆಯೋ ನಗೆ.

ಅತ್ತೆಗೂ ಸೊಸೆಯ ಕಣ್ಣಿನ ಪರಿಚಯ ಬೇಗ ಆಯಿತು. ಇವಳನ್ನು ಕಾಳು ಆರಿಸಲು ಕೂರಿಸಿದರೆ ಅರ್ಧ ಡಬ್ಬಿ ತಿಪ್ಪೆ ಸೇರುತ್ತದೆ ಎಂದು ಆಕೆ ನೆರೆಮನೆಯವರ ಹತ್ತಿರ ಹೇಳಿಕೊಂಡರು. ಆದರೆ ತಮ್ಮ ಕನ್ನಡಕಕ್ಕೆ ಹೊಸ ಗಾಜು ಹಾಕಿಸಬೇಕಾದಾಗ, ತಮ್ಮ ಮಾತ್ರೆಗಳನ್ನು ಜೋಡಿಸಿಡಬೇಕಾದಾಗ ಮಗನನ್ನು ಬಿಟ್ಟು ಸೊಸೆಯನ್ನೇ ಕರೆಯುತ್ತಿದ್ದರು. ಕೊನೆಯವರೆಗೂ ಹಾಗೇ ನಡೆಯಿತು.

ಮದುವೆಯಾಗಿ ಇಪ್ಪತ್ತೈದನೆಯ ವರ್ಷಕ್ಕೆ ಕಾರ್ಖಾನೆ ಮುಚ್ಚಿತು. ಯಂತ್ರಗಳನ್ನೆಲ್ಲ ಹರಾಜು ಹಾಕಿದಾಗ ಟರ್ನರ್ ತಾನು ದಿನವೂ ನಿಲ್ಲುತ್ತಿದ್ದ ಆ ಏಳನೆಯ ಲೇತನ್ನೇ ಹಿಡಿದು ತಂದ. ಮನೆಯ ಹಿಂದೆ ಬಟ್ಟೆ ಒಣಹಾಕುತ್ತಿದ್ದ ಜಾಗಕ್ಕೆ ತಗಡಿನ ಮಾಡು ಹೊದಿಸಿ, ನೆಲಕ್ಕೆ ಕಾಂಕ್ರೀಟು ಸುರಿದು, ಲೇತನ್ನು ಅಲ್ಲಿ ಕೂರಿಸಿದರು. ಅವನು ಕೆಲಸ ಮಾಡುವುದು, ಅವಳು ಅಡುಗೆಮನೆಯ ಮೇಜಿನ ಮೇಲೆ ಅಳೆಯುವುದು. ಮಗಳು ಆಗಲೇ ನರ್ಸ್ ಆಗಿ ಬೇರೆ ಮನೆ ಮಾಡಿದ್ದಳು. ಬಂದಾಗಲೆಲ್ಲ ಊಟದ ತಟ್ಟೆಗೂ ಮೈಕ್ರೋಮೀಟರಿಗೂ ಒಂದೇ ಮೇಜಾ ಎಂದು ಮೂಗು ಮುರಿಯುತ್ತಿದ್ದಳು.

ಮೊದಮೊದಲು ಬಂದದ್ದು ಗೇಟಿನ ಕೀಲು, ನೀರಿನ ಮೋಟಾರಿನ ಬುಷ್ಷು, ಇಂಥವೇ. ಕ್ರಮೇಣ ಹಳೇ ಕಾರಿನವರು ದಾರಿ ಹುಡುಕಿಕೊಂಡು ಬರತೊಡಗಿದರು. ಐವತ್ತು ಅರವತ್ತು ವರ್ಷ ದಾಟಿದ ಕಾರುಗಳಿಗೆ ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಇರುವುದನ್ನೇ ಉಳಿಸಿಕೊಳ್ಳಬೇಕು. ಅದರಲ್ಲೂ ಗೇರ್‌ಬಾಕ್ಸು ಬಿಚ್ಚಿದರೆ ಏನಾದರೊಂದು ಎಳೆ ಕಿತ್ತುಕೊಂಡೇ ಬರುತ್ತದೆ. ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಬೋಲ್ಟು ಕೂರುವ ತೂತು ಸಡಿಲವಾಗಿರುತ್ತದೆ, ಇಲ್ಲವೇ ಎಣ್ಣೆಯ ಬಿರಡೆ ತಿರುಗಿದಲ್ಲೇ ತಿರುಗುತ್ತದೆ. ತೂತನ್ನು ದೊಡ್ಡದು ಮಾಡಿ, ಒಳಗೆ ಉಕ್ಕಿನ ಕೊಳವೆಯಂಥ ಬುಷ್ಷು ಕೂರಿಸಿ, ಅದರೊಳಗೆ ಹಳೆಯ ಅಳತೆಯದೇ ಎಳೆ ಕೊರೆದು ಕೊಡುವುದರಲ್ಲಿ ಟರ್ನರನ ಹೆಸರು ನಿಧಾನವಾಗಿ ಹರಡಿತು.

ಅವನ ಐವತ್ತೆಂಟನೆಯ ವಯಸ್ಸಿನಲ್ಲಿ ಕಣ್ಣು ಕೈಕೊಟ್ಟಿತು. ಒಂದೇ ಸಲಕ್ಕೆ ಅಲ್ಲ. ಮೊದಲು ಬಾಗಿಲ ಚೌಕಟ್ಟು ಡೊಂಕಾಗಿ ಕಂಡಿತಂತೆ. ಆಮೇಲೆ ನೋಡಬೇಕಾದ ಜಾಗದಲ್ಲೇ ಒಂದು ಬೂದು ಮಚ್ಚೆ ಕೂತಿತು. ಎದುರಿಗಿರುವವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಇದನ್ನೆಲ್ಲ ಅವನು ಹೇಳಿದ್ದು ಆರು ತಿಂಗಳಾದ ಮೇಲೆ. ಅಲ್ಲಿಯವರೆಗೆ ಬಾಯಿಗೆ ಬೀಗ.

ಅವಳಿಗೆ ಗೊತ್ತಾದದ್ದು ಬೇರೆ ರೀತಿಯಲ್ಲಿ. ಒಂದು ಬೆಳಗ್ಗೆ ಲೋಹದ ಸಿಪ್ಪೆ ತುಂಬಿದ ಡಬ್ಬಿಯನ್ನು ಸುರಿಯಲು ಹೋದಾಗ ತಳದಲ್ಲಿ ಎರಡು ಬುಷ್ಷುಗಳು ಸಿಕ್ಕಿದವು. ಎರಡೂ ಹಾಳಾಗಿದ್ದವು. ಅದೂ ಏನು ಹಾಳು? ಹೊಸ ಕಲಿಕೆಯವನೂ ಮಾಡದಂಥ ತಪ್ಪು: ಎಳೆಯ ಮೇಲೆ ಎಳೆ ಹತ್ತಿತ್ತು. ಅವಳು ಆ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು. ಇಪ್ಪತ್ತಾರು ವರ್ಷ ಕಂಡದ್ದನ್ನು ಕಂಡಹಾಗೆ ಬರೆದವಳು, ಅವತ್ತು ಬುಷ್ಷುಗಳನ್ನು ಮತ್ತೆ ಡಬ್ಬಿಯ ತಳಕ್ಕೇ ಹಾಕಿ, ಮೇಲೆ ಸಿಪ್ಪೆ ಮುಚ್ಚಿ, ಒಳಗೆ ಬಂದು ಚಹಾಕ್ಕೆ ನೀರಿಟ್ಟಳು.

ಕೊನೆಗೆ ಮಗಳೇ ಅಪ್ಪನನ್ನು ತನ್ನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಕಣ್ಣಿನೊಳಗಿನ ಪರದೆಯ ನಡುಭಾಗ ಸವೆದಿದೆ, ಅಂಚಿನ ನೋಟ ಉಳಿಯುತ್ತದೆ, ನಡುವಿನದು ಮರಳಿ ಬರುವುದಿಲ್ಲ ಎಂದು ಅಲ್ಲಿನ ಕಣ್ಣಿನ ಡಾಕ್ಟರು ಹೇಳಿದರು. ಅವನು ಮನೆಗೆ ಬಂದು ಲೇತಿಗೆ ಹಳೇ ಹೊದಿಕೆ ಮುಚ್ಚಿದ. ನಾಲ್ಕು ತಿಂಗಳು ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ವರಾಂಡದಲ್ಲಿ ಕೂತು ರೇಡಿಯೊ ಕೇಳುತ್ತಿದ್ದ. ಯಾರಾದರೂ ಕೆಲಸ ತಂದರೆ ಲೇತು ಕೆಟ್ಟಿದೆ ಎನ್ನುತ್ತಿದ್ದ.

ಲೇತಿನ ಮೇಲೆ ಈ ಸುಳ್ಳು ಆರೋಪ ಅವಳಿಗೆ ಯಾಕೋ ಸಹಿಸಲಾಗಲಿಲ್ಲ. ಒಂದು ದಿನ ಹೊದಿಕೆ ತೆಗೆದು, ಒರೆಸಿ, ಎಣ್ಣೆ ಬಿಟ್ಟು, ಒಂದು ಕಬ್ಬಿಣದ ಸರಳನ್ನು ಹಿಡಿಸಿ ತಾನೇ ಚಾಲೂ ಮಾಡಿದಳು. ಅಷ್ಟು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದೇ ಬಂಡವಾಳ. ಲೋಹ ಕೊರೆಯುವ ಚಾಕು ಸರಳಿಗೆ ತಗಲಿದ್ದೇ ತಡ, ಕಿವಿ ಹರಿಯುವಂಥ ಕಿರುಚು ಎದ್ದಿತು. ವರಾಂಡದಲ್ಲಿ ರೇಡಿಯೊ ನಿಂತಿತು. ಗೋಡೆ ಸವರಿಕೊಂಡು ಟರ್ನರ್ ಬಂದು ಬಾಗಿಲಲ್ಲಿ ನಿಂತ.

"ಚಾಕು ಅಳ್ತಿದೆ," ಎಂದ. "ಮೊನೆ ಎತ್ತರ ಆಯ್ತು. ಇಳಿಸು."

ಅವಳು ಇಳಿಸಿದಳು. ಕಿರುಚು ನಿಂತು, ಬಟ್ಟೆ ಹರಿದಂಥ ಮೆತ್ತನೆಯ ಸದ್ದು ಬಂತು. ಅವನು ಗೋಡೆಯ ಪಕ್ಕದ ಸ್ಟೂಲನ್ನು ಎಳೆದುಕೊಂಡು ಕೂತ.

ಹೀಗೆ ಅವಳ ಕಲಿಕೆ ಶುರುವಾಯಿತು, ಐವತ್ತೈದು ದಾಟಿದ ಮೇಲೆ. ಅವನು ಲೇತಿನ ಕಡೆ ಕಿವಿ ತಿರುಗಿಸಿ, ಗೋಡೆಯತ್ತ ಮುಖ ಮಾಡಿ ಕೂರುತ್ತಿದ್ದ. ಹೇಗೂ ಕಣ್ಣು ಕಾಣದು, ಕಿವಿಯಾದರೂ ಆ ಕಡೆಗಿರಲಿ ಎನ್ನುತ್ತಿದ್ದ. ಸದ್ದಿನ ಮೇಲೇ ವೇಗ ಹೆಚ್ಚಾಯಿತು, ಎಣ್ಣೆ ಸಾಲದು, ಚಾಕು ಮೊಂಡಾಯಿತು ಎಂದು ಹೇಳುತ್ತಿದ್ದ. ಮೊದಲ ತಿಂಗಳಲ್ಲಿ ಅವಳು ಮುರಿದ ಚಾಕುಗಳಿಗೆ ಲೆಕ್ಕವಿಲ್ಲ. ಬಿಸಿ ಸಿಪ್ಪೆ ಮುಂಗೈಗೆ ಹಾರಿ ಸುಟ್ಟ ಗುರುತು ಇವತ್ತಿಗೂ ಇದೆ. ಆದರೆ ಎರಡನೆಯ ವರ್ಷಕ್ಕೆ ಕೆಲಸ ತಂದವರನ್ನು ವಾಪಸು ಕಳಿಸುವುದು ನಿಂತಿತು. ಕಿತ್ತುಹೋದ ಎಳೆಯನ್ನು ತಿದ್ದುವುದರಲ್ಲಿ ಅವಳಿಗೊಂದು ಅನುಕೂಲವಿತ್ತು: ಎಲ್ಲಿ ಹಾಳಾಗಿದೆ, ಎಲ್ಲಿ ಇನ್ನೂ ಗಟ್ಟಿಯಿದೆ ಎಂಬುದು ಬೇರೆಯವರಿಗಿಂತ ಬೇಗ ಕಾಣುತ್ತಿತ್ತು. ಮೊದಲು ಹಾಳಾದದ್ದನ್ನು ಮಾತ್ರ ಹುಡುಕುತ್ತಿದ್ದವಳು ಈಗ ಉಳಿದದ್ದನ್ನೂ ಎಣಿಸುತ್ತಿದ್ದಳು.

ಆ ಹೊತ್ತಿಗೆ ಬಂತು ಹಲ್ಲಿನ ಡಾಕ್ಟರ ಕಾರಿನ ಕೆಲಸ.

ಕಾರು ಡಾಕ್ಟರ ಮಾವನದು. ಮಾವ ತೀರಿಕೊಂಡ ಮೇಲೆ ಹದಿನೆಂಟು ವರ್ಷ ಟಾರ್ಪಾಲಿನ ಕೆಳಗೆ ಮಲಗಿತ್ತು. ಈಗ ಅದನ್ನು ಓಡಿಸಲೇಬೇಕೆಂದು ಡಾಕ್ಟರು ಪಣ ತೊಟ್ಟು ಒಬ್ಬ ಮೆಕ್ಯಾನಿಕ್ಕಿಗೆ ಒಪ್ಪಿಸಿದ್ದರು. ಒಂದು ಮಧ್ಯಾಹ್ನ ಆ ಮೆಕ್ಯಾನಿಕ್ಕು ಗೋಣಿಯಲ್ಲಿ ಸುತ್ತಿದ, ಮೊಳಕ್ಕಿಂತ ಉದ್ದನೆಯ ಒಂದು ಉಕ್ಕಿನ ದಂಡವನ್ನು ಮಗುವಿನ ಹಾಗೆ ಎತ್ತಿಕೊಂಡು ಶೆಡ್ಡಿಗೆ ಬಂದ. ಗೇರ್‌ಬಾಕ್ಸಿನ ಮುಖ್ಯ ಶಾಫ್ಟು ಅದು. ಅದರ ಒಂದು ತುದಿಯಲ್ಲಿ ಹನ್ನೆರಡು ಸುತ್ತು ಎಳೆಯಿತ್ತು. ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ತಟ್ಟೆಯನ್ನು ಅಲ್ಲಿ ಒಂದು ದೊಡ್ಡ ನಟ್ಟು ಹಿಡಿದಿಟ್ಟಿರುತ್ತದೆ. ಆ ನಟ್ಟು ಈಗ ಎರಡು ಹೋಳಾಗಿ ಅವನ ಜೇಬಿನಲ್ಲಿತ್ತು.

"ಬಿಚ್ಚಿದಾಗ ಹೀಗೇ ಇತ್ತಕ್ಕ," ಎಂದ. "ಹಳೇ ಗಾಡಿ. ಯಾರು ಯಾವಾಗ ಏನ್ ಮಾಡಿದ್ರೋ."

ಚೀಟಿಯಕ್ಕ ಶಾಫ್ಟನ್ನು ಮೇಜಿನ ದೀಪದ ಕೆಳಗಿಟ್ಟು ತಿರುಗಿಸಿ ತಿರುಗಿಸಿ ನೋಡಿದಳು. ತುದಿಯ ಮೂರು ಸುತ್ತು ಉಳಿಯ ಏಟಿಗೆ ಜಜ್ಜಿಹೋಗಿತ್ತು. ನಡುವೆ ಎರಡು ಸುತ್ತು ಹರಿದಿತ್ತು. ಉಳಿದ ಏಳು ನಿಂತಿದ್ದವು, ಆದರೆ ನೆಟ್ಟಗಲ್ಲ.

"ಉಳಿ ಏಟು ಹೊಸದು, ಇನ್ನೂ ಹೊಳೀತಿದೆ," ಎಂದಳು. "ಅದು ಹೋಗಲಿ. ಈ ಎಳೆ ನೋಡಿ, ಎಲ್ಲಾ ತುದಿ ಕಡೆಗೇ ವಾಲಿವೆ. ಬಿಚ್ಚೋವಾಗ ಹೀಗಾಗಲ್ಲ. ಮಿತಿಮೀರಿ ಬಿಗಿ ಮಾಡಿದ್ರೆ ಮಾತ್ರ ಹೀಗಾಗೋದು."

"ನಾನು ಬಿಚ್ಚೋಕೇ ಹೋಗಿದ್ದು."

"ಇದು ಎಡಗೈ ಥ್ರೆಡ್ಡು. ಎಲ್ಲಾ ನಟ್ಟು ತಿರುಗೋ ಕಡೆಗೆ ಇದು ತಿರುಗಲ್ಲ. ನೀವು ಬಿಚ್ತಿದೀನಿ ಅಂದ್ಕೊಂಡು ಇನ್ನೂ ಬಿಗಿ ಮಾಡಿದ್ದೀರಿ."

ಮೆಕ್ಯಾನಿಕ್ಕಿನ ಮುಖ ಇಳಿದುಹೋಯಿತು. ಸ್ಟೂಲಿನ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತಿದ್ದ ಟರ್ನರ್, ಸ್ಪಾನರಿಗೆ ಎಷ್ಟುದ್ದದ ಪೈಪು ಸಿಕ್ಕಿಸಿದ್ದಿರಿ ಎಂದು ವಿಚಾರಿಸಿದ. ಒಂದಾಳುದ್ದ ಎಂದ ಮೆಕ್ಯಾನಿಕ್ಕು. ಅಷ್ಟುದ್ದಕ್ಕೆ ಗಾಡಿಯೇ ಬಿಚ್ಚಿಕೊಳ್ಳಬೇಕಿತ್ತಲ್ಲ ಎಂದು ಟರ್ನರ್ ತಣ್ಣಗೆ ಹೇಳಿದ. ಮೆಕ್ಯಾನಿಕ್ಕಿಗೂ ನಗು ತಡೆಯಲಾಗಲಿಲ್ಲ. ನಕ್ಕು, ಆಮೇಲೆ ಅಳುವ ಹಾಗಾದ. ಡಾಕ್ಟರಿಗೆ ಇದನ್ನು ಹೇಳಬೇಡಿ ಎಂದು ಬೇಡಿಕೊಂಡ. ಇಪ್ಪತ್ತು ವರ್ಷ ಕೈ ಕೆಸರು ಮಾಡಿಕೊಂಡು ಗಳಿಸಿದ ಹೆಸರು ಎಂದ. ನಾನು ಹೇಳುವುದಿಲ್ಲ, ಹೇಳಬೇಕಾದವರು ನೀವು ಎಂದಷ್ಟೇ ಹೇಳಿ ಅವಳು ಶಾಫ್ಟನ್ನು ಒಳಗಿಟ್ಟಳು.

ಹೋಗುವ ಮೊದಲು ಅವನು ಒಂದು ಉಪಾಯ ಸೂಚಿಸಿದ: ಮೇಲೆ ವೆಲ್ಡಿಂಗ್ ಮಾಡಿ ಲೋಹ ತುಂಬಿಸಿ, ಹೊಸದಾಗಿ ಎಳೆ ಕೊರೆದರಾಗದೆ? ಆಗದು ಎಂದಳು ಅವಳು. ಎರಡು ಬೆರಳು ಆಚೆಗೇ ಗೇರು ಕೂರುವ ಗಟ್ಟಿ ಮಾಡಿದ ಉಕ್ಕಿದೆ. ಬೆಂಕಿಯ ಕಾವು ಅಲ್ಲಿಗೆ ಏರಿದರೆ ಆ ಗಟ್ಟಿತನ ಹೋಗುತ್ತದೆ, ಶಾಫ್ಟೂ ಬಳುಕಬಹುದು. ತುದಿ ಉಳಿಸಲು ಹೋಗಿ ಮೈಯೇ ಕಳೆದುಕೊಂಡ ಹಾಗಾಗುತ್ತದೆ. ಇರುವ ಏಳು ಸುತ್ತನ್ನೇ ನೆಟ್ಟಗೆ ಮಾಡಿ, ಅದಕ್ಕೆ ತಕ್ಕ ಹೊಸ ನಟ್ಟು ಮಾಡುವುದೊಂದೇ ದಾರಿ.

ಎರಡು ದಿನ ಬಿಟ್ಟು ಹಲ್ಲಿನ ಡಾಕ್ಟರೇ ಬಂದರು. ಮೆಕ್ಯಾನಿಕ್ಕು ಎಲ್ಲ ಒಪ್ಪಿಕೊಂಡನಂತೆ. ಡಾಕ್ಟರಿಗೆ ಸಿಟ್ಟೇನೂ ಬಂದಿರಲಿಲ್ಲ.

"ನಾನೂ ಒಂದ್ಸಲ ಪಕ್ಕದ ಹಲ್ಲು ಕಿತ್ತಿದ್ದೀನಮ್ಮ," ಎಂದರು. "ನಿಮ್ಮದು ಪರವಾಗಿಲ್ಲ, ನಟ್ಟು ಹೊಸದು ಮಾಡ್ಬಹುದು."

ಬಾಯಿಯೊಳಗೆ ನೋಡಲು ತಾವು ಹಾಕಿಕೊಳ್ಳುವ, ದುರ್ಬೀನಿನಂಥ ಗಾಜುಗಳಿರುವ ಕನ್ನಡಕವನ್ನು ಅವರು ಜೊತೆಗೆ ತಂದಿದ್ದರು. ಕೆಲಸ ಮುಗಿಯುವ ತನಕ ಇಟ್ಟುಕೊಳ್ಳಿ ಎಂದು ಚೀಟಿಯಕ್ಕನಿಗೆ ಕೊಟ್ಟರು. ಅದನ್ನು ಹಾಕಿಕೊಂಡು ನೋಡಿದಾಗ ಎಳೆಗಳು ಉಳುಮೆ ಮಾಡಿದ ಹೊಲದ ಹಾಗೆ ಕಂಡವು. ಡಾಕ್ಟರು ಹೋದ ಮೇಲೆ ಅವಳು ಆ ಕನ್ನಡಕವನ್ನು ಗಂಡನ ಮೂಗಿನ ಮೇಲಿಟ್ಟಳು. ಅವನು ಶಾಫ್ಟಿನ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ, ಕತ್ತು ಓರೆ ಮಾಡಿ ಮತ್ತೊಮ್ಮೆ ನೋಡಿದ. ಮಚ್ಚೆಯೂ ದೊಡ್ಡದಾಗಿ ಕಾಣುತ್ತದೆ ಎಂದು ಹೇಳಿ ತೆಗೆದು ಕೊಟ್ಟ. 

ಮೊದಲು ಅಳತೆ. ಈಗಿನ ಬಾಚಣಿಗೆ ಗೇಜುಗಳನ್ನು ಒಂದೊಂದಾಗಿ ಹಿಡಿದರೂ ಎಲ್ಲದರ ಪಕ್ಕದಿಂದಲೂ ಬೆಳಕು ನುಸುಳಿತು. ಕಾರ್ಖಾನೆ ಮುಚ್ಚಿದ ದಿನ ಕಸಕ್ಕೆ ಹೋಗುತ್ತಿದ್ದ ಹಳೇ ಅಂಗುಲದ ಗೇಜುಗಳ ಗೊಂಚಲೊಂದನ್ನು ಅವಳು ಕೈಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ಅದರಲ್ಲೊಂದು ಎಳೆಯ ಸಂದಿಗೆ ಹೋಗಿ ಕೂತಾಗ ಬೆಳಕು ಪೂರಾ ಆರಿತು. ಅಂಗುಲಕ್ಕೆ ಹದಿನಾರು ಸುತ್ತು, ಇಳಿಜಾರು ಈಗಿನದಕ್ಕಿಂತ ಸ್ವಲ್ಪ ಕಡಿದು. ಆ ಕೋನಕ್ಕೆ ಚಾಕುವನ್ನು ಸಾಣೆ ಹಿಡಿಯುವುದಕ್ಕೇ ಒಂದು ದಿನ ಹೋಯಿತು. ನಾಲ್ಕು ಸಲ ಸಾಣೆ ಹಿಡಿದು, ನಾಲ್ಕನೆಯದನ್ನು ಒಪ್ಪಿದಳು.

ಇನ್ನು ಜಜ್ಜಿಹೋದ ಎಳೆಯೊಳಗೆ ಚಾಕುವಿನ ಮೊನೆಯನ್ನು ಸರಿಯಾಗಿ ಇಳಿಸಬೇಕು. ಹೊಸ ಎಳೆ ಕೊರೆಯುವುದು ಸುಲಭ, ಎಲ್ಲಿ ಶುರು ಮಾಡಿದರೂ ನಡೆಯುತ್ತದೆ. ಹಳೇ ಎಳೆಯ ದಾರಿಯಲ್ಲೇ ಮತ್ತೆ ನಡೆಯುವುದು ಕಷ್ಟ. ಕೂದಲೆಳೆಯಷ್ಟು ಆಚೀಚೆ ಆದರೂ ಇರುವ ಏಳು ಸುತ್ತೂ ಹೋಯಿತು. ಡಬ್ಬಿಯ ತಳದಲ್ಲಿ ಸಿಕ್ಕ ಆ ಎರಡು ಬುಷ್ಷುಗಳಲ್ಲಿ ಟರ್ನರಿಗೆ ತಪ್ಪಿದ್ದು ಇಲ್ಲೇ. ಅವಳು ಮೋಟಾರನ್ನು ಬಳಸದೆ, ಲೇತಿನ ಹಿಂಬದಿಗೆ ಒಂದು ಹಿಡಿಕೆ ಸಿಕ್ಕಿಸಿ ಕೈಯಿಂದಲೇ ತಿರುಗಿಸಲು ನಿರ್ಧರಿಸಿದಳು. ಹಿಡಿಕೆಯ ಹತ್ತಿರ ಟರ್ನರ್ ನಿಂತ. ಅವಳು ಕನ್ನಡಕ ಹಾಕಿ ಚಾಕುವಿನ ಮೇಲೆ ಬಾಗಿದಳು. ಮೊದಲು ಯಂತ್ರದ ಸಡಿಲು ತೆಗೆದ ಮೇಲೇ ಮೊನೆ ಕೂರಿಸು ಎಂದು ಅವನು ಮೂರು ಸಲ ಹೇಳಿದ. ಮೂರನೆಯ ಸಲಕ್ಕೆ ಅವಳು, ನನಗೂ ಕಿವಿ ಇದೆ ಎಂದಳು.

ಎಡಗೈ ಎಳೆಯಾದ್ದರಿಂದ ಚಾಕು ಒಳಗಿನಿಂದ ಹೊರಗೆ ಬರಬೇಕು. ಅವನು ಹಿಡಿಕೆಯನ್ನು ಬಾವಿಯಿಂದ ನೀರು ಸೇದುವವರ ನಿಧಾನದಲ್ಲಿ ತಿರುಗಿಸಿದ. ಚಾಕು ಗಟ್ಟಿಯಿದ್ದ ಸುತ್ತುಗಳಲ್ಲಿ ಏನನ್ನೂ ತಾಕದೆ ಸರಿದು, ಹರಿದ ಕಡೆ ಬಂದಾಗ ಒಂದು ಚೂರು ಎಬ್ಬಿಸಿ, ತುದಿಯ ಮೂರು ಸುತ್ತಿನಲ್ಲಿ ಕೊರಕೊರ ಎಂದಿತು. ವಾಪಸು ತಿರುಗಿಸಿ, ಒಂದಿಷ್ಟೇ ಇಷ್ಟು ಒಳಗೆ ಒತ್ತಿ, ಮತ್ತೆ. ಮೊದಲ ದಿನ ಹನ್ನೊಂದು ಸಲ, ಮರುದಿನ ಒಂಬತ್ತು ಸಲ. ಅಷ್ಟು ಹೊತ್ತಿಗೆ ವಾಲಿದ್ದ ಎಳೆಗಳು ನೆಟ್ಟಗಾಗಿದ್ದವು. ಮೊದಲಿಗಿಂತ ತುಸು ತೆಳ್ಳಗಾಗಿದ್ದವು, ಅಷ್ಟೆ. ಹರಿದ ಎರಡು ಸುತ್ತಿನಲ್ಲಿ ಹಳ್ಳ ಉಳಿಯಿತು. ಜಜ್ಜಿದ ಮೂರರಲ್ಲಿ ಒಂದೂವರೆ ಮರಳಿ ಬಂತು. ಅವನು ಉಗುರಿನಿಂದ ಒಂದೊಂದು ಸುತ್ತನ್ನೂ ಗೀರಿ ನೋಡಿ ತಲೆಯಾಡಿಸಿದ.

ನಂತರ ನಟ್ಟು. ತೆಳ್ಳಗಾದ ಶಾಫ್ಟಿಗೆ ಅದೇ ಪ್ರಮಾಣದಲ್ಲಿ ಬಿಗಿಯಾದ ನಟ್ಟು ಬೇಕು. ಅವಳು ಮೊದಲು ಒಂದು ಉಕ್ಕಿನ ತುಂಡಿನ ಮೇಲೆ ಶಾಫ್ಟಿನ ಎಳೆಯ ಪ್ರತಿಯನ್ನು ಕೊರೆದು ಅದನ್ನೇ ಗೇಜು ಮಾಡಿಕೊಂಡಳು. ಆಮೇಲೆ ನಟ್ಟಿನ ಒಳಗೆ ಎಳೆ ಕೊರೆದಳು. ನಾಲ್ಕು ದಿನದ ಕೆಲಸ. ಗೇಜಿಗೆ ಹಾಕಿದರೆ ನಟ್ಟು ನಯವಾಗಿ ಹತ್ತಿ, ಕೊನೆಗೆ ಬಂದಾಗ ಒಳ್ಳೆ ಬಿಗಿಯಾಗಿ ಕೂತಿತು. ಜೀವನದಲ್ಲಿ ಮೊದಲ ಸಲ ತಾನೇ ಮಾಡಿ ತಾನೇ ಪಾಸು ಮಾಡಿದ ವಸ್ತು ಎಂದು ಅವಳಿಗೆ ಒಳಗೊಳಗೇ ಹಿಗ್ಗು. ಸೆರಗಿಗೆ ಒರೆಸಿ, ಶಾಫ್ಟನ್ನೂ ನಟ್ಟನ್ನೂ ಗಂಡನ ತೊಡೆಯ ಮೇಲಿಟ್ಟಳು.

ಅವನು ನಟ್ಟನ್ನು ಹತ್ತಿಸಿದ, ಇಳಿಸಿದ, ಅರ್ಧಕ್ಕೆ ನಿಲ್ಲಿಸಿ ಆಚೀಚೆ ಅಲ್ಲಾಡಿಸಿದ. ಮತ್ತೆ ಇನ್ನೊಂದು ಸುತ್ತು ಹತ್ತಿಸಿ ಅಲ್ಲಾಡಿಸಿದ. ಹತ್ತು ನಿಮಿಷ ಅದೇ ಆಟ.

"ಇದು ಆಗಲ್ಲ," ಎಂದ.

"ಗೇಜು ಒಪ್ಪಿದೆಯಲ್ರೀ."

"ಗೇಜು ಒಪ್ಪಿರಬಹುದು. ನನ್ ಬೆರಳು ಒಪ್ತಿಲ್ಲ. ಕೊನೇ ಎರಡು ಸುತ್ತು ಬಿಟ್ರೆ ಬೇರೆ ಯಾವುದೂ ಹಿಡೀತಿಲ್ಲ."

ಅವಳು ನಟ್ಟನ್ನು ಅವನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಬೇಕಾದದ್ದಕ್ಕಷ್ಟೇ ಮಾತು: ನೀರು ಕಾದಿದೆ, ಮಗಳ ಫೋನು, ಬಾಗಿಲು ಹಾಕಿ. ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಜನರ ಕೆಲಸಕ್ಕೆ ಇಲ್ಲ ಎಂದವಳಿಗೆ ತನ್ನ ಕೆಲಸಕ್ಕೆ ಒಬ್ಬರು ಇಲ್ಲ ಎಂದರೆ ಹೇಗಿರುತ್ತದೆ ಎಂಬುದು ಗೊತ್ತಿರಲಿಲ್ಲ. ಕಣ್ಣೇ ಕಾಣದವರು ಏನು ಹೇಳುತ್ತಾರೆ ಎಂಬ ಮಾತು ನಾಲಿಗೆಯ ತುದಿಗೆ ಬಂದು, ಅವಳೇ ಅದನ್ನು ನುಂಗಿಕೊಂಡಳು. ನುಂಗಿದ್ದಕ್ಕೆ ಆಮೇಲೆ ಎಷ್ಟೋ ಸಲ ಸಮಾಧಾನಪಟ್ಟುಕೊಂಡಳು.

ಮೂರನೆಯ ದಿನ ಅವನು ನಿದ್ದೆಯಿಂದ ಏಳುವ ಮೊದಲೇ ಶೆಡ್ಡಿಗೆ ಹೋಗಿ, ಶಾಫ್ಟಿನ ಎಳೆಗೆ ಎಲ್ಲೆಲ್ಲಿ ತಾಗುತ್ತದೆಂದು ತೋರಿಸುವ ನೀಲಿ ಬಣ್ಣವನ್ನು ತೆಳ್ಳಗೆ ಹಚ್ಚಿ, ನಟ್ಟನ್ನು ಬಿಗಿಯಾಗಿ ಹತ್ತಿಸಿ ಇಳಿಸಿದಳು. ನಟ್ಟಿನ ಒಳಗನ್ನು ಡಾಕ್ಟರ ಕನ್ನಡಕದಲ್ಲಿ ನೋಡಿದಳು. ಒಂದು ಬಾಯಿಯ ಎರಡೇ ಸುತ್ತಿಗೆ ನೀಲಿ ಒತ್ತಿಕೊಂಡಿತ್ತು. ಉಳಿದದ್ದೆಲ್ಲ ಬರೀ ಲೋಹದ ಬಣ್ಣ. ಒಳಗೆ ಕೊರೆಯುವ ಚಾಕುವಿನ ಕೋಲು ಸಣ್ಣದಾಗಿದ್ದರಿಂದ ಒಳಹೋದಷ್ಟೂ ಬಳುಕಿತ್ತು. ತೂತು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಕಿರಿದಾದ ಕಡೆ ಬಿಗಿ ಹತ್ತಿದ್ದನ್ನೇ ಅವಳು ಒಳ್ಳೆ ಹೊಂದಿಕೆ ಎಂದುಕೊಂಡಿದ್ದಳು. ಹಾಗೇ ಕಾರಿಗೆ ಹಾಕಿದ್ದರೆ ಎರಡು ಸುತ್ತಿನ ಮೇಲೆ ಇಡೀ ಭಾರ ಬಿದ್ದು, ರಸ್ತೆಯಲ್ಲೇ ಕಿತ್ತುಬರುತ್ತಿತ್ತು.

ಅವನು ಚಹಾ ಕುಡಿಯುತ್ತಿದ್ದಾಗ ಅವಳು ಎದುರಿಗೆ ಬಂದು ಕೂತಳು.

"ನೀವು ಹೇಳಿದ್ದೇ ಸರಿ. ಎರಡೇ ಸುತ್ತು."

ಅವನು ನೋಡಿದೆಯಾ ಎನ್ನಲಿಲ್ಲ, ನಗಲೂ ಇಲ್ಲ. ಕೋಲನ್ನು ಎಷ್ಟು ಹೊರಗೆ ಚಾಚಿಸಿದ್ದೆ ಎಂದು ಕೇಳಿದ. ದಪ್ಪದ ಕೋಲು ಹಾಕಿ, ಕೊನೆಗೆ ಒತ್ತಡ ಹೆಚ್ಚಿಸದೆ ಅದೇ ಅಳತೆಯಲ್ಲಿ ಐದಾರು ಸಲ ಸುಮ್ಮನೆ ಓಡಿಸಿದರೆ ಬಳುಕಿದ್ದು ತಾನಾಗಿ ನೇರವಾಗುತ್ತದೆ ಎಂದ. ಅವಳು ಎದ್ದು ಹೊರಟಾಗ ಲೋಟ ಕೆಳಗಿಟ್ಟ.

"ಆವತ್ತು ಡಬ್ಬಿಲಿದ್ದ ಬುಷ್ಷು ನೀನು ನೋಡಿದ್ದೆ ಅಲ್ವಾ?"

"ನೋಡಿದ್ದೆ."

"ಯಾಕೆ ಹೇಳಲಿಲ್ಲ?"

"ನೀವೂ ಹೇಳಲಿಲ್ವಲ್ಲ."

ಅದು ಹೌದು ಎಂದ ಅವನು. ಆಮೇಲೆ ಇಬ್ಬರೂ ಶೆಡ್ಡಿಗೆ ಹೋದರು.

ಎರಡನೆಯ ನಟ್ಟಿಗೆ ಆರು ದಿನ ಹಿಡಿಯಿತು. ನೀಲಿ ಹಚ್ಚಿ ನೋಡಿದಾಗ ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೂ ಒಂದೇ ಸಮ ಬಣ್ಣ ಹತ್ತಿತ್ತು. ಆದರೂ ಅವಳು ಬಾಯಿ ಬಿಡದೆ ಅದನ್ನು ಅವನ ಕೈಗಿತ್ತಳು. ಅವನು ಹತ್ತಿಸಿದ, ಅರ್ಧಕ್ಕೆ ನಿಲ್ಲಿಸಿ ಅಲ್ಲಾಡಿಸಿದ, ಮತ್ತೆ ಹತ್ತಿಸಿದ. ಹೂಂ ಎಂದ. ಅಷ್ಟೇ ಸಾಕಾಗಿತ್ತು. ನಟ್ಟಿನ ಮುಖದ ಮೇಲೆ ಅವಳು ಬಿಚ್ಚಬೇಕಾದ ದಿಕ್ಕಿಗೆ ಒಂದು ಬಾಣದ ಗುರುತು ಕೆತ್ತಿದಳು. ಶಾಫ್ಟು ಒಯ್ಯಲು ಬಂದ ಮೆಕ್ಯಾನಿಕ್ಕು ಬಾಣವನ್ನು ಕಂಡು, ಇದು ನನಗೇ ಹಾಕಿದ್ದಾ ಎಂದ. ನಿಮಗಲ್ಲ, ಇನ್ನು ಐವತ್ತು ವರ್ಷ ಬಿಟ್ಟು ಇದನ್ನು ಬಿಚ್ಚುವವರಿಗೆ ಎಂದಳು.

ಒಂದೂವರೆ ತಿಂಗಳ ಮೇಲೆ ಒಂದು ಭಾನುವಾರ ಬೆಳಗ್ಗೆ ಡಾಕ್ಟರು ಕಾರನ್ನು ಅವರ ಮನೆಯ ಮುಂದೆಯೇ ತಂದು ನಿಲ್ಲಿಸಿದರು. ಗಾಢ ಹಸಿರು ಬಣ್ಣ, ಉಬ್ಬಿದ ದೀಪಗಳು, ಬಾಗಿಲು ತೆಗೆದರೆ ಹಳೇ ಪುಸ್ತಕದ ವಾಸನೆ. ಟರ್ನರನ್ನು ಮುಂದೆ ಕೂರಿಸಿ, ಅವಳನ್ನು ಹಿಂದೆ ಕೂರಿಸಿ ಊರಾಚೆಯ ಏರು ರಸ್ತೆಗೆ ಹೊರಟರು. ಅವಳು ಏರು ಮುಗಿಯುವವರೆಗೂ ಮುಂದಿನ ಸೀಟಿನ ಬೆನ್ನನ್ನು ಹಿಡಿದೇ ಇದ್ದಳು. ಅವಳ ಮನಸ್ಸೆಲ್ಲ ನೆಲದ ಕೆಳಗೆ ತಿರುಗುತ್ತಿದ್ದ ಆ ಏಳೆಂಟು ಸುತ್ತಿನಲ್ಲಿತ್ತು. ಟರ್ನರ್ ತಲೆ ಓರೆ ಮಾಡಿ ಕೇಳುತ್ತಿದ್ದ. ಎರಡನೆಯ ಗೇರಿನಲ್ಲಿ ಸಣ್ಣ ಗುಂಯ್ ಸದ್ದು ಇದೆ, ಅದು ಗೇರಿನ ವಯಸ್ಸಿನದು, ನಮ್ಮದಲ್ಲ ಎಂದ. ಡಾಕ್ಟರು ಜೋರಾಗಿ ನಕ್ಕು, ಗೇರಿನ ಆ ಹಲ್ಲುಗಳನ್ನು ನಾನೇ ನೋಡಿಕೊಳ್ಳುತ್ತೇನೆ ಎಂದರು.

ವಾಪಸು ಬರುವಾಗ ಡಾಕ್ಟರ ಮನೆಯಲ್ಲಿ ಚಹಾ. ಕಾರು ಅಂಗಳದ ಮರದ ನೆರಳಿನಲ್ಲಿ ನಿಂತಿತು. ಫೋನು ಬಂದಿದೆ ಎಂದು ಒಳಗಿಂದ ಡಾಕ್ಟರನ್ನು ಕರೆದರು. ಬನ್ನಿ ಬನ್ನಿ ಎನ್ನುತ್ತ ಮುಂದೆ ನಡೆದರು. ಟರ್ನರ್ ಮಾತ್ರ ಇಳಿದು, ಬಾನೆಟ್ಟನ್ನು ಸವರುತ್ತ ಸುತ್ತಿಕೊಂಡು ಬಂದು, ಸ್ಟೇರಿಂಗಿನ ಹಿಂದೆ ಕೂತುಬಿಟ್ಟ. ಅವಳು ಅವನ ಪಕ್ಕದ ಸೀಟಿಗೆ ಬಂದಳು. ಇಂಜಿನು ಆರಿತ್ತು. ಅವನು ಕ್ಲಚ್ಚು ಒತ್ತಿ ಗೇರುಗಳನ್ನು ಒಂದೊಂದಾಗಿ ಹಾಕಿ ನೋಡಿದ. ಒಂದು, ಎರಡು, ಮೂರು, ನಾಲ್ಕು, ಮತ್ತೆ ಕೆಳಗೆ.

"ಎದುರಿಗೆ ಏನಿದೆ?" ಎಂದು ಕೇಳಿದ.

"ಗೇಟಿದೆ. ತೆರೆದೇ ಇದೆ. ಆಚೆ ರಸ್ತೆ. ಒಂದು ಸೈಕಲ್ಲು ಹೋಗ್ತಿದೆ."

"ಅದು ಮೊದಲು ಹೋಗಲಿ," ಎಂದು ಅವನು ನ್ಯೂಟ್ರಲಿಗೆ ತಂದು ಕಾದ.

ಡಾಕ್ಟರು ಹೊರಗೆ ಬಂದು ನೋಡಿದರೆ ಗಂಡ ಹೆಂಡತಿ ಇಬ್ಬರಿಗೂ ಇಳಿಯುವ ಯೋಚನೆ ಇದ್ದ ಹಾಗೆ ಕಾಣಲಿಲ್ಲ. ಡಾಕ್ಟರೂ ಚಹಾದ ತಟ್ಟೆಯನ್ನು ಅಲ್ಲಿಗೇ ತರಿಸಿಕೊಂಡು, ಹಿಂದಿನ ಸೀಟಿಗೆ ಹತ್ತಿ ಕೂತು ಬಾಗಿಲು ಹಾಕಿಕೊಂಡರು.